ನಾನು ದೇವರನ್ನು ನಂಬುವವಳು, ನಂಬದವರ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಏನು ಕೇಳಲಿ, ಹೇಗೆ ಕೇಳಲಿ?

ಓದುವ ಹುಡುಗಿ (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಕಿರುಪ್ರಬಂಧಕ್ಕೆ ತೆಗೆದುಕೊಂಡಿರುವ ವಿಷಯ, 18ರಿಂದ 25 ವರ್ಷದ ನಾಸ್ತಿಕರು ಮತ್ತು ಅಜ್ಞೇಯವಾದಿಗಳು (ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವವರು) ಜಗತ್ತನ್ನು ಹೇಗೆ ನೋಡುತ್ತಾರೆ ಅನ್ನುವುದು. ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ನಂಬುವವಳು. ದಿನಾ ಪ್ರಾರ್ಥನೆ ಮಾಡುತ್ತೇನೆ. ಅದನ್ನು ಬಿಡುವ ಯೋಚನೆ ಇಲ್ಲ. ಯಾರನ್ನಾದರೂ ನನ್ನ ಕಡೆಗೆ ಎಳೆದುಕೊಳ್ಳುವ ಆಸೆಯೂ ಇಲ್ಲ.

ಮತ್ತೆ ಈ ವಿಷಯ ಯಾಕೆ ಅಂದರೆ, ಎರಡು ವರ್ಷದ ಹಿಂದೆ ನನ್ನ ತಮ್ಮ "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅಕ್ಕಾ" ಅಂದ. ಯಾಕೆ ಅಂತ ಕೇಳಿದೆ. ಅವನು ಹೇಳಿದ. ನಾನು ವಾದ ಮಾಡಿದೆ. ಆಮೇಲೆ ಅವನು ಆ ಮಾತು ಎತ್ತಲೇ ಇಲ್ಲ. ಜೊತೆಯಲ್ಲೇ ಬೆಳೆದವನು, ಆದರೆ ಅವನ ತಲೆಯಲ್ಲಿ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ನನ್ನನ್ನು ಕೊರೆಯುತ್ತಾ ಇದೆ.

ಕಳೆದ ವಾರ ಮೊದಲ ಸಂದರ್ಶನ ಮಾಡಿದೆ. ಹುಡುಗನಿಗೆ 21 ವರ್ಷ. ಚೆನ್ನಾಗಿಯೇ ಮಾತಾಡುತ್ತಿದ್ದ. ಕೈಯಲ್ಲಿ ಒಂದು ಪೆನ್ನು ಹಿಡಿದು ಅದರ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದ. ಐದಾರು ನಿಮಿಷ ಆದ ಮೇಲೆ ನಾನು ಕೇಳಿದೆ, "ದೇವರಿಲ್ಲದೆ ಬದುಕು ಖಾಲಿ ಖಾಲಿ ಅನ್ನಿಸುವುದಿಲ್ಲವಾ?" ಅವನು ಮುಚ್ಚಳವನ್ನು ಒತ್ತಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಅಲ್ಲಿಂದ ಮುಂದೆ ಎಲ್ಲದಕ್ಕೂ ಒಂದೇ ಸಾಲಿನ ಉತ್ತರ. ಒಂದು ಗಂಟೆ ಸಮಯ ಕೇಳಿಕೊಂಡಿದ್ದೆ, ರೆಕಾರ್ಡಿಂಗ್ ಇರುವುದು 11 ನಿಮಿಷ.

ನನ್ನ ಪ್ರಶ್ನಾವಳಿ ಹೀಗಿದೆ. ನೀವು ನಂಬಿಕೆ ಕಳೆದುಕೊಂಡಿದ್ದು ಯಾವಾಗ? ಅದಕ್ಕೆ ಕಾರಣವಾದ ಘಟನೆ ಯಾವುದು? ದೇವರಿಲ್ಲದೆ ಬದುಕಿಗೆ ಅರ್ಥ ಹೇಗೆ ಬರುತ್ತದೆ? ತಪ್ಪು ಮಾಡದ ಹಾಗೆ ನಿಮ್ಮನ್ನು ತಡೆಯುವುದು ಏನು? ಸಾವಿನ ಭಯ ಇಲ್ಲವಾ? ಎಲ್ಲಿ ಎಡವುತ್ತಿದ್ದೇನೆ, ದಯವಿಟ್ಟು ಹೇಳಿ. ಬೈದರೂ ಬೇಜಾರಿಲ್ಲ.

ಇಳಿಸಂಜೆ:

ಬೈಯುವುದಿಲ್ಲ ಅಕ್ಕ. ಮೊದಲೇ ನಿಮ್ಮ ವಿಚಾರ ಹೇಳಿಕೊಂಡಿದ್ದು ತುಂಬ ಇಷ್ಟವಾಯಿತು. ನನಗೆ 22, ನಾಸ್ತಿಕಳು. ನಿಮ್ಮ ಪ್ರಶ್ನೆಗಳನ್ನು ನನ್ನನ್ನೇ ಕೇಳಿದ್ದೀರಿ ಅಂದುಕೊಂಡು ಓದಿದೆ.

"ಕಳೆದುಕೊಂಡಿದ್ದು ಯಾವಾಗ" ಅನ್ನುವಲ್ಲೇ ನಾನು ನಿಂತುಬಿಟ್ಟೆ. ನಾನೇನೂ ಕಳೆದುಕೊಂಡಿಲ್ಲ. ಚಿಕ್ಕವಳಿದ್ದಾಗ ದೊಡ್ಡವರು ಕೈ ಮುಗಿ ಅಂದರೆ ಮುಗಿಯುತ್ತಿದ್ದೆ, ಅಷ್ಟೇ. ಒಳಗೆ ಏನೂ ಇರಲಿಲ್ಲ ಅಂತ ಗೊತ್ತಾಗಿದ್ದು ಹದಿನಾಲ್ಕರ ಹೊತ್ತಿಗೆ. ಎಲ್ಲರಿಗೂ ಹೀಗೇ ಆಗಿರುತ್ತದೆ ಅಂತ ಹೇಳುತ್ತಿಲ್ಲ. ತುಂಬ ನಂಬಿದ್ದು, ಆಮೇಲೆ ಬಿಟ್ಟು, ಅದಕ್ಕಾಗಿ ತಿಂಗಳುಗಟ್ಟಲೆ ಅತ್ತ ಗೆಳತಿ ನನಗಿದ್ದಾಳೆ. ಅವಳಿಗೆ ನಿಮ್ಮ ಪ್ರಶ್ನೆ ಸರಿಹೋಗುತ್ತದೆ, ನನಗೆ ಹೋಗುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ನಿಮ್ಮ ಐದು ಪ್ರಶ್ನೆಗಳೂ ನನ್ನ ಹತ್ತಿರ ಏನಿಲ್ಲ ಅನ್ನುವುದನ್ನೇ ಕೇಳುತ್ತವೆ. ನನ್ನ ಹತ್ತಿರ ಏನಿದೆ ಅಂತ ಒಂದೂ ಕೇಳುವುದಿಲ್ಲ. ನಾನು ರಾತ್ರಿ ಆಕಾಶ ನೋಡುತ್ತಾ ಗಂಟೆಗಟ್ಟಲೆ ಕೂರುತ್ತೇನೆ. ನನ್ನ ಮೈಯಲ್ಲಿರುವ ಕಬ್ಬಿಣ ಯಾವುದೋ ಹಳೆಯ ನಕ್ಷತ್ರದ ಒಳಗೆ ಹುಟ್ಟಿದ್ದು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ. ನನ್ನ ಲೋಕದೃಷ್ಟಿ ಅಂತ ಒಂದಿದ್ದರೆ ಅದು ಇರುವುದು ಅಲ್ಲಿ. ನಿಮ್ಮ ಪ್ರಶ್ನಾವಳಿಗೆ ಅದು ಸಿಗುವುದೇ ಇಲ್ಲ.

ಆ ಹುಡುಗ ಪೆನ್ನು ಜೇಬಿಗೆ ಹಾಕಿಕೊಂಡಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಲೆಕ್ಕದವನು:

ಸಮೀಕ್ಷೆ ಕೆಲಸದಲ್ಲಿ ಹಲವು ವರ್ಷ ಇದ್ದೇನೆ. ಇಳಿಸಂಜೆ ಅವರು ಹೇಳಿದ್ದಕ್ಕೆ ಸ್ವಲ್ಪ ಅಂಕಿಅಂಶ ಸೇರಿಸುತ್ತೇನೆ. ಮೇಡಂ, ಇವು ನಿಮ್ಮ ಪ್ರಬಂಧದ ಮೊದಲ ಅಧ್ಯಾಯಕ್ಕೂ ಬೇಕಾಗುತ್ತವೆ.

"ಧರ್ಮ ಇಲ್ಲದವರು" ಅಂತ ಒಂದೇ ಗುಂಪು ಮಾಡಬೇಡಿ. ಅಮೆರಿಕದಲ್ಲಿ ಪ್ಯೂ ಅನ್ನುವ ಸಮೀಕ್ಷಾ ಸಂಸ್ಥೆ 2023ರಲ್ಲಿ ಕೇಳಿದಾಗ ವಯಸ್ಕರಲ್ಲಿ 28% ಜನ ತಮಗೆ ಯಾವ ಧರ್ಮವೂ ಇಲ್ಲ ಅಂದರು. ಅವರಲ್ಲಿ ತಮ್ಮನ್ನು ನಾಸ್ತಿಕರು ಅಂತ ಕರೆದುಕೊಂಡವರು 17%, ಅಜ್ಞೇಯವಾದಿಗಳು ಅಂದವರು 20%. ಉಳಿದ 63% "ಅಂಥದ್ದೇನೂ ಇಲ್ಲ" ಅಂದವರು. ಆ 28% ಜನರಲ್ಲಿ ಹೆಚ್ಚಿನವರು ದೇವರನ್ನೋ ಯಾವುದೋ ದೊಡ್ಡ ಶಕ್ತಿಯನ್ನೋ ನಂಬುವವರೇ. ಹಾಗಾಗಿ "ಧರ್ಮ ಇಲ್ಲ" ಅನ್ನುವ ಚೌಕಕ್ಕೆ ಟಿಕ್ ಹಾಕಿದವರನ್ನೆಲ್ಲ ನಾಸ್ತಿಕರು ಅಂತ ಬರೆದುಕೊಂಡರೆ ಅಧ್ಯಯನ ಅಲ್ಲೇ ಹಳ್ಳ ಹಿಡಿಯುತ್ತದೆ.

ನೇರವಾಗಿ ಕೇಳಿದರೆ ಜನ ಮುಚ್ಚಿಡುವುದೂ ಜಾಸ್ತಿ. ವಿಲ್ ಜರ್ವೇಸ್ ಮತ್ತು ಮ್ಯಾಕ್ಸಿನ್ ನಾಜ್ಲೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೊಂದು ಉಪಾಯ ಬಳಸಿದರು. ಒಂದು ಗುಂಪಿಗೆ ಕೆಲವು ಸಾಮಾನ್ಯ ವಾಕ್ಯಗಳ ಪಟ್ಟಿ ಕೊಟ್ಟು, ಯಾವುದು ಅಂತ ಹೇಳಬೇಡಿ, ಎಷ್ಟು ನಿಮಗೆ ಅನ್ವಯಿಸುತ್ತವೆ ಅಂತ ಎಣಿಕೆ ಮಾತ್ರ ಹೇಳಿ ಅಂದರು. ಇನ್ನೊಂದು ಗುಂಪಿಗೆ ಅದೇ ಪಟ್ಟಿಗೆ ದೇವರ ನಂಬಿಕೆಯ ಒಂದು ವಾಕ್ಯ ಸೇರಿಸಿ ಕೊಟ್ಟರು. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸದಿಂದ ಲೆಕ್ಕ ಸಿಗುತ್ತದೆ, ಯಾರ ಗುಟ್ಟೂ ಹೊರಗೆ ಬರುವುದಿಲ್ಲ. 2018ರಲ್ಲಿ ಪ್ರಕಟವಾದ ಅವರ ಅಂದಾಜಿನಲ್ಲಿ ಅಮೆರಿಕದ ವಯಸ್ಕರಲ್ಲಿ ದೇವರನ್ನು ನಂಬದವರು ಸುಮಾರು 26%. ಆಗ ನೇರ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ, ಪ್ರಶ್ನೆಯ ಮಾತಿನ ಮೇಲೆ, 3%ರಿಂದ 11%. 26 ಅನ್ನುವುದು ಕರಾರುವಾಕ್ಕಾದ ಅಂಕಿ ಅಲ್ಲ, ಅದರ ಸುತ್ತ ಅನಿಶ್ಚಿತತೆ ಜಾಸ್ತಿಯೇ ಇದೆ. ಆದರೂ ಅಂತರ ಎಷ್ಟಿದೆ ನೋಡಿ. ಹೆಸರಿಲ್ಲದ ಸಮೀಕ್ಷೆಯಲ್ಲೇ ಹೀಗಾದರೆ, ನಿಮ್ಮ ಎದುರು ಕೂತವರು ಎಷ್ಟು ತೂಗಿ ಮಾತಾಡುತ್ತಾರೆ ಯೋಚಿಸಿ.

"ತಪ್ಪು ಮಾಡದ ಹಾಗೆ ತಡೆಯುವುದು ಏನು" ಅನ್ನುವ ಪ್ರಶ್ನೆ ಬಗ್ಗೆಯೂ ಒಂದು ಮಾತು. 2017ರಲ್ಲಿ 13 ದೇಶಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಘೋರ ತಪ್ಪು ಮಾಡಿದ ಒಬ್ಬ ಮನುಷ್ಯನ ವಿವರಣೆ ಕೊಟ್ಟರೆ ಜನ ಅವನು ನಾಸ್ತಿಕನೇ ಇರಬೇಕು ಅಂದುಕೊಳ್ಳುವುದು ಜಾಸ್ತಿ ಅಂತ ಕಂಡುಬಂತು. ನಾಸ್ತಿಕರಲ್ಲೂ ಆ ಒಲವು ಇತ್ತು! ನಿಮ್ಮ ಪ್ರಶ್ನೆ ಈ ಅನುಮಾನವನ್ನು ಹೊತ್ತುಕೊಂಡೇ ಬರುತ್ತದೆ. ನಿಮಗೆ ಆ ಉದ್ದೇಶ ಇಲ್ಲದಿದ್ದರೂ ಕೇಳಿಸಿಕೊಳ್ಳುವವರಿಗೆ ಹಾಗೇ ಕೇಳಿಸುತ್ತದೆ.

ನೇರನುಡಿ:

ನಂಬುವವರು ಈ ಸಂಶೋಧನೆ ಮಾಡುವುದನ್ನೇ ನಾನು ಒಪ್ಪುವುದಿಲ್ಲ. ನಂಬುವವರು ನಮ್ಮ ಬಗ್ಗೆ ಬರೆದಾಗಲೆಲ್ಲ ನಾವು ಒಂದು ಕಾಯಿಲೆ ಅನ್ನುವ ಹಾಗೆ ಬರೆದಿದ್ದಾರೆ. ಯಾಕೆ ಹೀಗಾಯಿತು, ಮನೆಯಲ್ಲಿ ಏನು ತೊಂದರೆ, ಯಾರಾದರೂ ತೀರಿಹೋದರಾ, ವಯಸ್ಸಿನ ಹುಮ್ಮಸ್ಸಾ, ಬರೀ ಇವೇ ಪ್ರಶ್ನೆಗಳು. ಭಗತ್ ಸಿಂಗ್ 1930ರ ಅಕ್ಟೋಬರ್‌ನಲ್ಲಿ ಜೈಲಿನಲ್ಲಿ ಕೂತು ತಾನು ಯಾಕೆ ನಾಸ್ತಿಕ ಅಂತ ಬರೆದಾಗ ಆಗಷ್ಟೇ 23 ತುಂಬಿತ್ತು. ಅವನು ಶುರು ಮಾಡಬೇಕಾಗಿ ಬಂದಿದ್ದು ತನ್ನ ವಾದದಿಂದ ಅಲ್ಲ. ಇದು ಅಹಂಕಾರದಿಂದ ಬಂದದ್ದು ಅನ್ನುವ ಗೆಳೆಯರ ಮಾತಿಗೆ ಉತ್ತರ ಕೊಡುವುದರಿಂದ. ನೂರು ವರ್ಷ ಆಗುತ್ತಾ ಬಂತು, ಇನ್ನೂ ಅದೇ ಪ್ರಶ್ನೆ. ಈ ಕೆಲಸವನ್ನು ನಾಸ್ತಿಕರೇ ಮಾಡಲಿ.

ಓದುವ ಹುಡುಗಿ:

ನೇರನುಡಿ ಅವರೇ, ನಿಮ್ಮ ಮಾತು ನಾಟಿತು. ತಮ್ಮ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಯಾರಾದರೂ ಏನಾದರೂ ಅಂದರಾ?" ಅಂತ. ಅದನ್ನು ಬರೆದುಕೊಳ್ಳಲು ನಾಚಿಕೆಯಾಗುತ್ತದೆ.

ಆದರೆ ನಾನು ಬಿಟ್ಟುಬಿಟ್ಟರೆ ನನ್ನಂಥವರಿಗೆ ನಿಮ್ಮಂಥವರ ಮಾತು ಕೇಳಿಸುವುದು ಹೇಗೆ? ನಾನು ಓದಿಸಬೇಕು ಅಂತಿರುವುದು ನಂಬುವವರಿಗೇ. ಗೊತ್ತಿಲ್ಲ ಅಂತ ಒಪ್ಪಿಕೊಂಡೇ ಬಂದಿದ್ದೇನೆ, ಕಲಿಯುತ್ತೇನೆ.

ಕಾಡುಮಲ್ಲಿಗೆ:

ನೇರನುಡಿ ಅವರ ಸಿಟ್ಟು ನ್ಯಾಯವೇ. ಆದರೆ ಒಳಗಿನವರಿಗೂ ಕುರುಡುಜಾಗಗಳಿವೆ. ನಾನು ನಾಸ್ತಿಕಳು. ಹಿಂದೆ ಇಂಥದ್ದೇ ಒಂದು ಅಧ್ಯಯನಕ್ಕೆ ಸಂದರ್ಶನ ಮಾಡಿದ್ದೆ. ಎದುರಿನವರು "ನಿಮಗೆ ಗೊತ್ತಲ್ಲ" ಅನ್ನುತ್ತಿದ್ದರು, ನಾನು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಆಮೇಲೆ ಬರಹಕ್ಕೆ ಇಳಿಸಿ ನೋಡಿದರೆ ಮುಖ್ಯವಾದ ಜಾಗದಲ್ಲೆಲ್ಲ "ನಿಮಗೆ ಗೊತ್ತಲ್ಲ" ಅಂತ ಮಾತ್ರ ಇತ್ತು. ನನಗೇನು ಗೊತ್ತಿತ್ತು? ಏನೂ ಇಲ್ಲ. ಹೊರಗಿನವರಾಗಿ ನೀವು "ನನಗೆ ಗೊತ್ತಿಲ್ಲ, ಬಿಡಿಸಿ ಹೇಳಿ" ಅಂತ ಕೇಳಬಹುದು. ಅದು ದೊಡ್ಡ ಅನುಕೂಲ.

ಜನರನ್ನು ಹುಡುಕುವಾಗ ಒಂದು ಎಚ್ಚರ. ನಾಸ್ತಿಕರ ಸಂಘ, ಚರ್ಚಾಕೂಟಗಳಿಂದ ಮಾತ್ರ ಆರಿಸಿಕೊಂಡರೆ ವಾದ ಮಾಡಲು ಇಷ್ಟಪಡುವವರೇ ಸಿಗುತ್ತಾರೆ, ಅದರಲ್ಲೂ ಹುಡುಗರೇ ಜಾಸ್ತಿ. ಯಾವ ಗುಂಪಿಗೂ ಸೇರದೆ, ಯಾರಿಗೂ ಹೇಳದೆ ತಮ್ಮ ಪಾಡಿಗೆ ಇರುವವರು ಸಿಗುವುದೇ ಇಲ್ಲ. ಒಬ್ಬರ ಮೂಲಕ ಇನ್ನೊಬ್ಬರನ್ನು ಹಿಡಿಯುತ್ತಾ ಹೋಗಿ, ಆದರೆ ಮೂರ್ನಾಲ್ಕು ಬೇರೆ ಬೇರೆ ಕಡೆಯಿಂದ ಶುರು ಮಾಡಿ.

ಹಳೆಬೇರು:

ನಾನು ಭಾಷೆ ಕಲಿಸುವವನು, ಪದಗಳ ಬಗ್ಗೆಯಷ್ಟೇ ಹೇಳುತ್ತೇನೆ ತಾಯಿ. ನೀವು ಕನ್ನಡದಲ್ಲಿ ಸಂದರ್ಶನ ಮಾಡುವುದಾದರೆ ಮೊದಲ ತೊಡಕು ಅಲ್ಲೇ ಇದೆ.

"ನಾಸ್ತಿಕ" ಅನ್ನುವುದು ಹಳೆಯ ದರ್ಶನಗಳಲ್ಲಿ ದೇವರನ್ನು ಒಪ್ಪದವನು ಅಂತ ಆಗಿರಲಿಲ್ಲ. ವೇದವನ್ನು ಪ್ರಮಾಣ ಅಂತ ಒಪ್ಪದವನು ಅಂತ ಅರ್ಥ. ಆ ಲೆಕ್ಕದಲ್ಲಿ ವೇದ, ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರ ಜೊತೆಗೆ ಬೌದ್ಧರೂ ಜೈನರೂ ನಾಸ್ತಿಕರೇ. ಸೃಷ್ಟಿಕರ್ತನನ್ನು ಒಪ್ಪದ ಹಳೆಯ ಸಾಂಖ್ಯ ದರ್ಶನದವರು ಮಾತ್ರ ಆಸ್ತಿಕರ ಸಾಲಿನಲ್ಲಿ! ಇವತ್ತಿನ ಮಾತಿನಲ್ಲಿ ಅದು ದೇವರಿಲ್ಲ ಅನ್ನುವವನು ಅಂತಾಗಿದೆ, ಜೊತೆಗೆ ಬೈಗುಳದ ಧಾಟಿಯೂ ಸೇರಿಕೊಂಡಿದೆ. ಹಳೆಯ ರೋಮ್ ಸಾಮ್ರಾಜ್ಯದಲ್ಲೂ ಹೀಗೇ. ರೋಮಿನ ದೇವರುಗಳನ್ನು ಪೂಜಿಸದ ಮೊದಲ ಕ್ರೈಸ್ತರನ್ನೇ ನಾಸ್ತಿಕರು ಅಂತ ಕರೆದಿದ್ದರು.

"ಅಜ್ಞೇಯವಾದಿ" ಇನ್ನೂ ಕಷ್ಟ. ಅದರ ಇಂಗ್ಲಿಷ್ ಮೂಲವಾದ ಅಗ್ನಾಸ್ಟಿಕ್ ಅನ್ನುವ ಪದವನ್ನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ 1869ರಲ್ಲಿ ಹುಟ್ಟಿಸಿದ್ದು. ಅವನಿಗೆ ಅದು ಎರಡು ದೋಣಿಯ ಮೇಲೆ ಕಾಲಿಡುವುದಲ್ಲ, ಒಂದು ಶಿಸ್ತು. ಸಾಕಷ್ಟು ಆಧಾರ ಇಲ್ಲದೆ ಗೊತ್ತಿದೆ ಅನ್ನಬಾರದು ಅಂತ. ಕನ್ನಡದಲ್ಲಿ ಆ ಪದ ಪುಸ್ತಕದಲ್ಲೇ ಉಳಿದಿದೆ. ಇಪ್ಪತ್ತರ ಹುಡುಗ ಹುಡುಗಿಯರು ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಅದನ್ನು ಬಳಸುವುದು ನಾನು ಕೇಳಿಯೇ ಇಲ್ಲ.

ಅವರು ಹೇಳುವುದು ಮೂರು ಬಗೆ. "ದೇವರು ಇಲ್ಲ." "ಇದ್ದಾನೋ ಇಲ್ಲವೋ ಗೊತ್ತಿಲ್ಲ." "ಇದ್ದರೂ ಇಲ್ಲದಿದ್ದರೂ ನನಗೆ ಬೇಕಾಗಿಲ್ಲ." ಇಲ್ಲ, ಗೊತ್ತಿಲ್ಲ, ಬೇಕಾಗಿಲ್ಲ. ಈ ಮೂರೂ ಬೇರೆ ಬೇರೆ ಮನಸ್ಸುಗಳು. ಅದರ ಜೊತೆಗೆ "ನಂಬುವುದಿಲ್ಲ" ಬೇರೆ, "ನಂಬಲು ಆಗುತ್ತಿಲ್ಲ" ಬೇರೆ. ಎರಡನೆಯದರಲ್ಲಿ ಪ್ರಯತ್ನ ಪಟ್ಟ ನೋವು ಇರುತ್ತದೆ. ನೀವು ಹಣೆಪಟ್ಟಿ ಕೊಟ್ಟು ಆರಿಸಿ ಅನ್ನಬೇಡಿ. ಅವರ ಕ್ರಿಯಾಪದವನ್ನು ಹಾಗೆಹಾಗೇ ಬರೆದುಕೊಳ್ಳಿ.

ಮತ್ತೆ, ಬೆಚ್ಚಿಬಿದ್ದಾಗ "ಅಯ್ಯೋ ದೇವರೇ" ಅಂದರೆ ಅದನ್ನು ಸಾಕ್ಷಿ ಅಂತ ಹಿಡಿಯಬೇಡಿ. ಅದು ನಾಲಿಗೆಯ ರೂಢಿ.

ಗೊತ್ತಿಲ್ಲಪ್ಪ:

ಹಳೆಬೇರು ಸರ್, ಆ "ಗೊತ್ತಿಲ್ಲ" ಅನ್ನುವ ಬಗೆ ನಾನೇ. ಒಂದು ಘಟನೆ ಹೇಳುತ್ತೇನೆ, ಇದು ಅಕ್ಕನಿಗೆ ಉಪಯೋಗ ಆಗಬಹುದು.

ಅಜ್ಜಿಯ ಕೊನೆಯ ದಿನಗಳು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದಿನಾ ಓದುತ್ತಿದ್ದ ಪ್ರಾರ್ಥನೆಯನ್ನು ಓದಿ ಹೇಳು ಅಂತ ನನ್ನನ್ನೇ ಕರೆದರು. ಮನೆಯಲ್ಲಿ ನಂಬದವನು ನಾನೊಬ್ಬನೇ, ಅದು ಅಜ್ಜಿಗೂ ಗೊತ್ತಿತ್ತು. ಪುಸ್ತಕ ಹಳೆಯದು, ಅವರ ಬೆರಳು ಇಡುತ್ತಿದ್ದ ಜಾಗದಲ್ಲಿ ಪುಟದ ಅಂಚು ಕಪ್ಪಾಗಿತ್ತು. ಹನ್ನೊಂದು ದಿನ ಓದಿದೆ. ನಾನು ಒಂದು ಅಕ್ಷರ ತಪ್ಪಿದರೂ ಅವರ ತುಟಿ ಅಲುಗುತ್ತಿತ್ತು, ಮತ್ತೆ ಸರಿಯಾಗಿ ಓದುತ್ತಿದ್ದೆ.

ಆಮೇಲೆ ಯಾರೋ ಕೇಳಿದರು, "ಹಾಗಾದರೆ ಆಗ ನಂಬಿಕೆ ಬಂತಾ?" ಇನ್ನೊಬ್ಬ ಗೆಳೆಯ ಕೇಳಿದ, "ಹಾಗಾದರೆ ನಾಟಕ ಮಾಡಿದೆಯಾ?" ಎರಡೂ ಅಲ್ಲ. ನಾನು ಅಜ್ಜಿಗೆ ಓದಿದೆ. ಈ ಎರಡು ಪ್ರಶ್ನೆ ಬಿಟ್ಟು ಬೇರೇನಾದರೂ ಕೇಳುವವರು ಸಿಕ್ಕರೆ ನಾನು ಒಂದು ಗಂಟೆ ಅಲ್ಲ, ಮೂರು ಗಂಟೆ ಮಾತಾಡುತ್ತೇನೆ.

ಇಳಿಸಂಜೆ:

ಇದನ್ನು ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಲೆಕ್ಕದವನು:

ಇದಕ್ಕೆ ಹೊಂದುವ ಒಂದು ವಿಷಯ. ಬ್ರೆಜಿಲ್, ಚೀನಾ, ಡೆನ್ಮಾರ್ಕ್, ಜಪಾನ್, ಬ್ರಿಟನ್, ಅಮೆರಿಕ ಈ ಆರು ದೇಶಗಳ ನಾಸ್ತಿಕರು ಮತ್ತು ಅಜ್ಞೇಯವಾದಿಗಳ ಬಗ್ಗೆ ನಡೆದ ದೊಡ್ಡ ಅಧ್ಯಯನದ ವರದಿ 2019ರಲ್ಲಿ ಬಂತು. ಅಲೌಕಿಕವಾದದ್ದು ಒಂದೂ ಇಲ್ಲ ಅಂತ ಪೂರ್ತಿ ಗಟ್ಟಿಯಾಗಿ ಹೇಳುವವರು ಆರೂ ದೇಶಗಳಲ್ಲಿ ಕಮ್ಮಿಯೇ ಇದ್ದರು. ಬದುಕಿನಲ್ಲಿ ಮುಖ್ಯ ಏನು ಅಂತ ಕೇಳಿದಾಗ ಕುಟುಂಬ, ಸ್ವಾತಂತ್ರ್ಯ ಅಂತ ನಂಬದವರೂ ಹೇಳಿದರು, ಉಳಿದವರೂ ಹೇಳಿದರು. ನಾಸ್ತಿಕ ಅಂದರೆ ಎಲ್ಲದರಲ್ಲೂ ಖಚಿತವಾಗಿ ಇರುವವನು ಅನ್ನುವ ಚಿತ್ರ ನಿಲ್ಲುವುದಿಲ್ಲ.

ಮೌನಿ24:

ನಾನು ಈ ವಿಷಯದಲ್ಲಿ ಎಲ್ಲೂ ಬರೆಯುವುದಿಲ್ಲ. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ಯಾರೂ ಇದನ್ನು ಹೇಳಿಲ್ಲ.

ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ಓದು ನಿಲ್ಲಬಹುದು. ಹಿಂದೆ ಒಬ್ಬರು ನನ್ನನ್ನು ಸಂದರ್ಶನ ಮಾಡಿದ್ದರು. ಹೆಸರು ಬದಲಾಯಿಸಿದ್ದರು, ಸರಿ. ಆದರೆ ನಾನು ಓದುತ್ತಿದ್ದ ವಿಷಯ, ನನಗೆ ಅವಳಿ ತಂಗಿ ಇರುವುದು, ಅಪ್ಪನ ಕೆಲಸ, ಮೂರನ್ನೂ ಒಂದೇ ಪ್ಯಾರಾದಲ್ಲಿ ಬರೆದಿದ್ದರು. ನನ್ನ ತರಗತಿಯ ಯಾರು ಓದಿದರೂ ನಾನೇ ಅಂತ ಗೊತ್ತಾಗುತ್ತಿತ್ತು. ಅದು ಗ್ರಂಥಾಲಯದಲ್ಲಿ ಇದ್ದ ಅಷ್ಟೂ ತಿಂಗಳು ನನಗೆ ನಿದ್ದೆ ಇರಲಿಲ್ಲ.

ಹಾಗಾಗಿ ಅಕ್ಕಾ, ಹೆಸರು ಮಾತ್ರ ಅಲ್ಲ, ವಿವರಗಳ ಜೋಡಣೆಯೂ ಗುರುತು ಹೇಳುತ್ತದೆ. ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಮೊದಲೇ ಹೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಬೇಡ, ಆ ಹಾಳೆಯೇ ನಮಗೆ ಅಪಾಯ. ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಸಂಶೋಧನೆಗೆ ಅನುಮತಿ ಕೊಡುವ ನಿಮ್ಮ ನೈತಿಕ ಸಮಿತಿಯನ್ನು ಕೇಳಿ. ನೀವು 18 ದಾಟಿದವರನ್ನೇ ಆರಿಸಿದ್ದು ಒಳ್ಳೆಯದಾಯಿತು. ಅದಕ್ಕಿಂತ ಚಿಕ್ಕವರಾದರೆ ಸಾಮಾನ್ಯವಾಗಿ ಅಪ್ಪ ಅಮ್ಮನ ಸಹಿ ಕೇಳುತ್ತಾರೆ. ಯಾವ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟಿದ್ದೇವೋ ಅದನ್ನೇ ಬರೆದ ಹಾಳೆಗೆ ಮನೆಯವರ ಸಹಿ!

ಫೋನ್ ಮಾಡಬೇಡಿ, ಮೆಸೇಜ್‌ನಲ್ಲಿ ವಿಷಯ ಬರೆಯಬೇಡಿ. ನಮ್ಮ ಫೋನ್ ಬೇರೆಯವರ ಕೈಯಲ್ಲೂ ಇರುತ್ತದೆ.

ಕಾಡುಮಲ್ಲಿಗೆ:

ಮೌನಿ, ಬರೆದಿದ್ದಕ್ಕೆ ತುಂಬ ಧನ್ಯವಾದ. ಓದುವ ಹುಡುಗಿಯವರೇ, ಸಮಿತಿಯವರು ಇದನ್ನು ಸಣ್ಣ ವಿಷಯ ಅಂದರೆ ಒಂದು ಮಾತು ತೋರಿಸಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲೇ ಸ್ಪಷ್ಟವಾಗಿ ಹೇಳಿದೆ, ಧರ್ಮ ಮತ್ತು ನಂಬಿಕೆಯ ಸ್ವಾತಂತ್ರ್ಯದ ಒಳಗೆ ನಾಸ್ತಿಕ ನಿಲುವುಗಳೂ ಸೇರುತ್ತವೆ, ಯಾವ ಧರ್ಮವನ್ನೂ ಒಪ್ಪಿಕೊಳ್ಳದೆ ಇರುವ ಹಕ್ಕೂ ಸೇರುತ್ತದೆ ಅಂತ. ಧರ್ಮ ಬಿಟ್ಟರೆ ಮರಣದಂಡನೆ ಅನ್ನುವ ಕಾನೂನು ಕೆಲವು ದೇಶಗಳಲ್ಲಿ ಇವತ್ತಿಗೂ ಇದೆ. ಅಲ್ಲಿಯವರು ನಿಮ್ಮ ಪ್ರಬಂಧದಲ್ಲಿ ಇರಲಿಕ್ಕಿಲ್ಲ, ಆದರೂ ಈ ಭಯ ಸುಮ್ನೆ ಬಂದದ್ದಲ್ಲ ಅಂತ ಸಮಿತಿಯವರಿಗೆ ಅರ್ಥವಾಗಲಿ.

ಓದುವ ಹುಡುಗಿ (ಮೂರು ವಾರಗಳ ನಂತರ):

ತಡವಾಗಿದ್ದಕ್ಕೆ ಕ್ಷಮಿಸಿ. ಪ್ರಶ್ನಾವಳಿಯನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ. ಮೌನಿ ಹೇಳಿದ ಹಾಗೆ ಬಾಯಿಮಾತಿನ ಒಪ್ಪಿಗೆಗೆ ಸಮಿತಿ ಸರಿ ಅಂದಿದೆ. ಪ್ರತಿಯೊಬ್ಬರಿಗೂ ಅವರ ಬಗ್ಗೆ ಬರೆದ ಭಾಗವನ್ನು ಮೊದಲು ತೋರಿಸಿ, ಯಾವ ವಿವರ ಬೇಡವೋ ತೆಗೆಯುತ್ತೇನೆ.

ಈಗ ದೇವರ ಮಾತು ಎತ್ತುವುದೇ ಇಲ್ಲ. "ಕಳೆದ ಕೆಲವು ದಿನಗಳಲ್ಲಿ ಯಾವುದಾದರೂ ವಿಷಯ ಸರಿಯೋ ತಪ್ಪೋ ಅಂತ ತಲೆ ಕೆಡಿಸಿಕೊಂಡಿದ್ದು ಇದೆಯಾ?" ಅಂತ ಶುರು ಮಾಡುತ್ತೇನೆ. ಮೊನ್ನೆ 23ರ ಹುಡುಗಿಯೊಬ್ಬಳು ಹೇಳಿದಳು. ಪರೀಕ್ಷೆಯ ಅಂಕ ಕೂಡುವಾಗ ತಪ್ಪಾಗಿ ಅವಳಿಗೆ 8 ಅಂಕ ಜಾಸ್ತಿ ಬಂದಿತ್ತಂತೆ. ಎರಡು ದಿನ ಉತ್ತರಪತ್ರಿಕೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದಳು. ಆ ಎರಡು ದಿನದ ಕಥೆಯನ್ನೇ ಇಪ್ಪತ್ತು ನಿಮಿಷ ಹೇಳಿದಳು. ಪತ್ರಿಕೆ ತೆಗೆಯುವುದು, ಮತ್ತೆ ಕೂಡಿ ನೋಡುವುದು, ತಾನೇ ತಪ್ಪು ಕೂಡಿರಬಹುದು ಅಂತ ಆಸೆ ಪಡುವುದು. ಕೊನೆಗೆ ಹೋಗಿ ಹೇಳಿದಳು. ಆಮೇಲೆ ನಾನು ಕೇಳದೆಯೇ ಅಂದಳು, "ಅಮ್ಮ ಆಗಿದ್ದರೆ ದೇವರು ನೋಡುತ್ತಾನೆ ಅನ್ನುತ್ತಿದ್ದರು. ನನಗೆ ಹಾಗೆ ಯಾರೂ ಇಲ್ಲ. ನಾನೇ ನೋಡುತ್ತಿದ್ದೆ, ಅದೇ ಕಷ್ಟ ಆಗಿದ್ದು."

ಮಧ್ಯದಲ್ಲಿ ನನ್ನನ್ನೂ ಕೇಳಿದಳು, ನೀವು ಯಾಕೆ ನಂಬುತ್ತೀರಿ ಅಂತ. ಮುಚ್ಚಿಡದೆ ಹೇಳಿದೆ. ಅವಳು ವಾದ ಮಾಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿದಳು. ಕೇಳಿಸಿಕೊಳ್ಳುವುದು ಅಂದರೆ ಹೀಗೆ ಅಂತ ನನಗೆ ಆಗ ಗೊತ್ತಾಯಿತು. ರೆಕಾರ್ಡಿಂಗ್ 1 ಗಂಟೆ 40 ನಿಮಿಷ ಇದೆ.

ಒಂದೇ ಒಂದು ತೊಡಕು. ಕೊನೆಯಲ್ಲಿ ಫಲಿತಾಂಶದ ಬಗ್ಗೆ ಹೇಳುತ್ತಾ "ಎಲ್ಲಾ ಹಣೆಬರಹ" ಅಂದಳು. ಹಳೆಬೇರು ಸರ್, ಇದನ್ನು ನಂಬಿಕೆ ಅಂತ ಗುರುತು ಹಾಕಲಾ, ಬೇಡವಾ?

ಹಳೆಬೇರು:

ನೀವೂ ಹಾಕಬೇಡಿ, ನಾನೂ ಹೇಳುವುದಿಲ್ಲ. ಅವಳನ್ನೇ ಕೇಳಿ ತಾಯಿ. "ಹಣೆಬರಹ ಅಂದಿರಲ್ಲ, ಯಾರು ಬರೆದದ್ದು?" ಅಂತ ಕೇಳಬೇಡಿ, ಅದು ಸಿಕ್ಕಿಹಾಕಿಸುವ ಪ್ರಶ್ನೆ. "ಆ ಮಾತು ಹೇಳಿದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?" ಅಂತ ಕೇಳಿ.

ಓದುವ ಹುಡುಗಿ:

ಕೇಳಿದೆ ಸರ್. ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜ ಹಾಗನ್ನುತ್ತಿದ್ದರು, ಅವರ ಬಾಯಿಯ ಮಾತು ನನಗೆ ಅಂಟಿಕೊಂಡಿದೆ" ಅಂದಳು. ಆಮೇಲೆ, "ಆದರೆ ಪೂರ್ತಿ ಅಷ್ಟೇನಾ ಅಂತ ಗೊತ್ತಿಲ್ಲ. ಇದನ್ನೂ ಬರೆದುಕೊಳ್ಳಿ" ಅಂದಳು. ಬರೆದುಕೊಂಡಿದ್ದೇನೆ. ಗೊತ್ತಿಲ್ಲಪ್ಪ ಅವರೇ, ಆ ಮೂರು ಗಂಟೆ ಯಾವಾಗ ಕೊಡುತ್ತೀರಿ?